ಭಾನುವಾರದ ಗಣಿತ

ಹನೂರಿನ ಖಾಸಗಿ ಪದವಿ ಕಾಲೇಜೊಂದಕ್ಕೆ ಕುಸುಮ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ಅವಳ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಈಗ ಆ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಈ ವರ್ಷಗಳಲ್ಲಿ ಕಂಪ್ಯೂಟರ್ ಪಾಠಕ್ಕೆಂದು ಬಂದ ಲೆಕ್ಚರರುಗಳು ಒಬ್ಬರಾದ ಮೇಲೊಬ್ಬರು ಸ್ವಲ್ಪ ದಿನ ಇದ್ದು ಮೈಸೂರು ಕಡೆ ಹೊರಟುಬಿಡುತ್ತಿದ್ದರು. ಅವರು ಅರ್ಧಕ್ಕೆ ಬಿಟ್ಟುಹೋದ ಪಾಠಗಳೆಲ್ಲ ಕುಸುಮಳ ಪಾಲಿಗೆ ಬರುತ್ತಿದ್ದವು. ಮೊದಲು ತಾನು ಓದಿ, ಲ್ಯಾಬಿನ ಹಳೇ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಮರುದಿನ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಮಕ್ಕಳಿಗೆ ಅವಳು ಕುಸುಮಾ ಮೇಡಂ. ಅವಳು ಲೆಕ್ಚರರ್ ಅಲ್ಲ ಎಂಬುದು ಎಷ್ಟೋ ಹುಡುಗರಿಗೆ ಗೊತ್ತೇ ಇರಲಿಲ್ಲ.

ಆ ವರ್ಷ ವಿಶ್ವವಿದ್ಯಾಲಯದ ತಪಾಸಣೆಯವರು ಬಂದುಹೋದ ಮೇಲೆ ಪ್ರಿನ್ಸಿಪಾಲ್ ರಂಗನಾಥ ಅವಳನ್ನು ಕೋಣೆಗೆ ಕರೆಸಿದರು.

"ನೋಡಿಯಮ್ಮ, ಪಾಠ ಮಾಡೋರೆಲ್ಲ ಏನೇನು ಓದಿದಾರೆ ಅಂತ ಕೇಳಿದ್ರು. ನೀವು ಬಿ.ಎ., ಆಮೇಲೊಂದು ಕಂಪ್ಯೂಟರ್ ಡಿಪ್ಲೊಮಾ. ಎಂ.ಎಸ್ಸಿ. ಇಲ್ಲದೋರು ಕ್ಲಾಸಿಗೆ ಹೋಗಂಗಿಲ್ಲ ಅಂದ್ಬಿಟ್ರು."

"ಅಂಗಾರೆ ನಾನೇನ್ ಮಾಡ್ಲಿ ಸಾ?"

"ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಕಟ್ಟಿ. ಈಗ ದೂರಶಿಕ್ಷಣದಲ್ಲೂ ಇದೆ. ಸೇರ್ಕೊಂಡಿದೀನಿ ಅಂತ ತೋರಿಸಿದ್ರೆ ಆಡಳಿತ ಮಂಡಳಿಗೆ ನಾನು ಮಾತಾಡ್ತೀನಿ. ಮುಗಿಸಿದ್ರೆ ಲೆಕ್ಚರರ್ ಅಂತಲೇ ಮಾಡಿಸಬಹುದು. ಇಲ್ದಿದ್ರೆ ನನ್ನ ಕೈಲೇನೂ ಇಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ಹೇಳುವಾಗ ಅವಳ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು.

ಕುಸುಮಳ ಗಂಡ ಮಹದೇವು ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಅಂದು ಸಂಜೆ ಬೂಟು ಬಿಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಇಷ್ಟು ವರ್ಸ ಪಾಟ ಮಾಡ್ಸ್ಕಂಡು ಈಗ ನೀನು ಓದಿಲ್ಲ ಅಂತಾರ? ಬುಟ್ಬುಡಮ್ಮಿ ಅತ್ಲಾಗಿ. ಮನೇಲಿರು. ಮೊಕ ನೋಡ್ಕಂಡಿದೀಯ ಎಂಗಾಗದೆ ಅಂತ?"

ಮುಖ ಹೇಗಾಗಿದೆಯೆಂದು ಅವಳಿಗೆ ಗೊತ್ತಿತ್ತು. ಬೆಳಗಿನ ಜಾವ ಎದ್ದು ಅಡುಗೆ, ಮಗಳ ಡಬ್ಬಿ, ಗಂಡನ ಡಬ್ಬಿ, ಇಡೀ ದಿನ ನಿಂತುಕೊಂಡೇ ಪಾಠ. ವಾರಕ್ಕೊಮ್ಮೆ ಬಂಡಳ್ಳಿಗೆ ಹೋಗಿ ಮಂಡಿ ನೋವಿನ ಅತ್ತೆಯನ್ನು ನೋಡಿಕೊಂಡು ಬರುವುದು. ಬಿಟ್ಟುಬಿಡು ಎಂಬ ಮಾತು ಕೇಳಿದಾಗ ಮೈಗೆ ಹಿತವೇ ಆಯಿತು. ಆದರೂ ಮುಂದಿನ ಶನಿವಾರ ಮಧ್ಯಾಹ್ನ ಅವಳು ಕೊಳ್ಳೇಗಾಲದ ಬಸ್ಸು ಹತ್ತಿ, ದೂರಶಿಕ್ಷಣದ ಕೇಂದ್ರ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋದಳು.

ಕೇಂದ್ರದಲ್ಲಿ ಕೂತಿದ್ದವನು ಅವಳ ಅಂಕಪಟ್ಟಿಗಳನ್ನೆಲ್ಲ ತಿರುವಿಹಾಕಿದ.

"ಡಿಗ್ರಿ ಆಗದೆ, ಪರ್ಸೆಂಟೇಜೂ ಸರಿಯಾಗದೆ. ಮ್ಯಾಥ್ಸ್ ಎಲ್ಲಿ ಮೇಡಂ?"

"ನಾನು ಪಿಯುಸಿಲಿ ಆರ್ಟ್ಸು."

"ಪಿಯುಸಿಲೋ ಡಿಗ್ರಿಲೋ ಎಲ್ಲಾದ್ರೂ ಒಂದು ಕಡೆ ಮ್ಯಾಥ್ಸ್ ಇರ್ಲೇಬೇಕು. ಇಲ್ಲ ಅಂದ್ರೆ ಮೊದ್ಲು ಬ್ರಿಡ್ಜ್ ಕೋರ್ಸ್ ಗಣಿತ ಪಾಸ್ ಮಾಡ್ಬೇಕು. ಅದಾದ್ಮೇಲೆ ಅಡ್ಮಿಷನ್. ಪರೀಕ್ಷೆಗೆ ಎರಡೇ ಸಲ ಅವಕಾಶ ಕೊಡೋದು."

ಪಠ್ಯಕ್ರಮದ ಹಾಳೆಯನ್ನು ಹಿಡಿದುಕೊಂಡು ಕುಸುಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪಕ್ಕದ ಬೀದಿಯ ಮನೆಗಳಿಂದ ಮಗ್ಗದ ಸದ್ದು ಬಿಡದೆ ಬರುತ್ತಿತ್ತು. ಹಾಳೆಯಲ್ಲಿ ಐದು ಘಟಕಗಳಿದ್ದವು. ಅರ್ಧಕ್ಕರ್ಧ ಪದಗಳು ಅವಳಿಗೆ ಹೊಸವು. ಅದನ್ನು ನೋಡುತ್ತಿದ್ದಾಗ ರುದ್ರಸ್ವಾಮಿ ಮೇಷ್ಟ್ರ ನೆನಪು ಬಂತು.

ಬಂಡಳ್ಳಿಯ ಹೈಸ್ಕೂಲಿನಲ್ಲಿ ಅವಳಿಗೆ ಗಣಿತ ಕಲಿಸಿದವರು ಅವರು. ಎಸ್ಸೆಸ್ಸೆಲ್ಸಿ ಮುಗಿದಾಗ ಅವಳ ಅಪ್ಪನನ್ನು ಶಾಲೆಗೆ ಕರೆಸಿ, ಹುಡುಗಿಯನ್ನು ಸೈನ್ಸಿಗೆ ಹಾಕಿ ಎಂದು ಹೇಳಿದ್ದರು. ಸೈನ್ಸಿಗೆ ಕೊಳ್ಳೇಗಾಲಕ್ಕೆ ಹೋಗಬೇಕಿತ್ತು. ದಿನಾ ಅಷ್ಟು ದೂರ ಹೆಣ್ಣುಮಗಳನ್ನು ಕಳಿಸುವುದು ಬೇಡವೆಂದು ಮನೆಯಲ್ಲಿ ಅಂದರು. ಹನೂರಿನಲ್ಲಿ ಸಿಕ್ಕಿದ್ದನ್ನು ಅವಳು ಓದಿದಳು. ಮೇಷ್ಟ್ರು ನಿವೃತ್ತರಾಗಿ ತಮ್ಮ ಊರು ಯಳಂದೂರಿನಲ್ಲಿದ್ದಾರೆಂದು ಯಾರೋ ಹೇಳಿದ್ದರು.

ಭಾನುವಾರ ಅವಳು ಯಳಂದೂರಿಗೆ ಹೋದಳು. ಬಾಗಿಲು ತೆರೆದ ಮೇಷ್ಟ್ರನ್ನು ನೋಡಿ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಗಡ್ಡ ಬೆಳೆದುಹೋಗಿತ್ತು, ಕಣ್ಣು ಗುಳಿಬಿದ್ದಿದ್ದವು, ಹೆಗಲ ಮೇಲೆ ಒದ್ದೆ ಟವೆಲ್ಲು. ಒಳಗೆ ಮಂಚದ ಮೇಲೆ ಅವರ ಹೆಂಡತಿ ಭಾಗ್ಯಮ್ಮ ಮಲಗಿದ್ದರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮಕ್ಕಳಿಲ್ಲದ ಮನೆ. ತಿನ್ನಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಎಲ್ಲವೂ ಮೇಷ್ಟ್ರದೇ.

ಕುಸುಮ ಬಂದ ವಿಷಯ ಹೇಳಿದಳು. ಅವರು ಕೈ ಅಡ್ಡ ಆಡಿಸಿದರು.

"ಆಗಲ್ಲ ಕಣವ್ವ. ನಂಗೇ ಸಾಕಾಗಿಹೋಗಿದೆ. ನೋಡಿದ್ಯಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲೂ ಇಲ್ಲ. ಇವಳ ಉಸಿರು ಸ್ವಲ್ಪ ಬದಲಾದ್ರೆ ಎಚ್ಚರ ಆಗ್ತದೆ. ನಿಂಗೆ ಏನು ಪಾಠ ಹೇಳ್ಲಿ?"

ಅವಳು ಒತ್ತಾಯ ಮಾಡಲಿಲ್ಲ. ಮಾಡುವ ತ್ರಾಣವೂ ಅವಳಲ್ಲಿರಲಿಲ್ಲ. ಭಾಗ್ಯಮ್ಮನವರನ್ನು ಮಾತಾಡಿಸಿ ಹೋಗೋಣವೆಂದು ಮಂಚದ ಬಳಿ ಕೂತಳು. ಅವರ ಕೂದಲು ಜಡೆಗಟ್ಟಿತ್ತು. ಕಿಟಕಿಯ ಮೇಲಿದ್ದ ಬಾಚಣಿಗೆ ತಕ್ಕೊಂಡು, ಸ್ವಲ್ಪ ಎಣ್ಣೆ ಹಚ್ಚಿ, ಮೆಲ್ಲಗೆ ಸಿಕ್ಕು ಬಿಡಿಸತೊಡಗಿದಳು. ಭಾಗ್ಯಮ್ಮ ಕಣ್ಣು ಮುಚ್ಚಿಕೊಂಡರು. ಬಾಚಿ ಜಡೆ ಹಾಕಿ ಮುಗಿಸಿ ಕುಸುಮ ತಿರುಗಿ ನೋಡಿದರೆ, ಮೇಷ್ಟ್ರು ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದರು. ಬಾಯಿ ತೆರೆದುಕೊಂಡಿತ್ತು. ಅವರನ್ನು ಎಬ್ಬಿಸಲು ಮನಸ್ಸಾಗದೆ ಅವಳು ಅಲ್ಲೇ ಕೂತಿದ್ದಳು.

ಎದ್ದಾಗ ಅವರಿಗೆ ನಾಚಿಕೆಯಾಯಿತು. ಮುಖ ತೊಳೆದುಕೊಂಡು ಬಂದು, "ಎಲ್ಲಿ, ಆ ಹಾಳೆ ಕೊಡು ನೋಡಾನ" ಎಂದರು.

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಕುಸುಮ ಯಳಂದೂರಿಗೆ ಬರುವುದು, ಅವಳು ಭಾಗ್ಯಮ್ಮನವರ ಬಳಿ ಕೂತಿರುವಾಗ ಮೇಷ್ಟ್ರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡುವುದು, ಎದ್ದ ಮೇಲೆ ಪಾಠ. ದುಡ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಭಾಗ್ಯಮ್ಮನವರು ಬೇಗ ಅವಳಿಗೆ ಒಗ್ಗಿಕೊಂಡರು. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಏನೋ ಸದ್ದು ಮಾಡುವರು. ಕುಸುಮ ಕಾಲೇಜಿನ ಸುದ್ದಿ, ಮಗಳ ಸುದ್ದಿ, ಬಸ್ಸಿನಲ್ಲಿ ನಡೆದ ಜಗಳ, ಎಲ್ಲ ಹೇಳುತ್ತಿದ್ದಳು. ವಾರದಲ್ಲಿ ಅವಳು ಕೂತುಕೊಂಡು ಮಾತಾಡುತ್ತಿದ್ದುದು ಅಲ್ಲೊಂದೇ ಕಡೆ.

ಮೇಷ್ಟ್ರು ನಿದ್ದೆಯಿಂದ ಎದ್ದ ಮೇಲೆ ಬೇರೆ ಮನುಷ್ಯರಾಗುತ್ತಿದ್ದರು. ಹಳೇ ಕರಿಹಲಗೆಯೊಂದನ್ನು ಗೋಡೆಗೆ ಆನಿಸಿ ಮ್ಯಾಟ್ರಿಕ್ಸ್ ಬರೆಯುವರು, ಶ್ರೇಢಿಗಳನ್ನು ಬಿಡಿಸುವರು. ತ್ರಿಕೋನಮಿತಿ ಬಂದಾಗ ಅವರ ದನಿಯೇ ಬದಲಾಗುತ್ತಿತ್ತು. ಪಠ್ಯಕ್ರಮದಲ್ಲಿ ಅಷ್ಟು ಬೇಕಿಲ್ಲದಿದ್ದರೂ ತ್ರಿಕೋನಮಿತಿಯನ್ನೇ ಹಲವು ವಾರ ಹೇಳಿದರು. ಕೊನೆಯ ಎರಡು ಘಟಕಗಳ ಮಾತು ಬಂದಾಗ ಮಾತ್ರ, "ಅದೆಲ್ಲ ಬೇಡ ಬಿಡವ್ವ. ಚಾಯ್ಸಲ್ಲಿ ಹೋಗ್ತದೆ. ಮೊದಲಿಂದು ಗಟ್ಟಿ ಮಾಡ್ಕೊ" ಎನ್ನುತ್ತಿದ್ದರು. ಒಂದು ಎಣಿಕೆಯ ವಿಧಾನಗಳ ಘಟಕ, ಇನ್ನೊಂದು ಚುಕ್ಕೆ-ಗೆರೆಗಳ ಚಿತ್ರಗಳ ಗಣಿತವಾದ ಗ್ರಾಫ್ ಥಿಯರಿ. ಕುಸುಮಳಿಗೂ ಓದುವುದು ಕಡಿಮೆಯಾದರೆ ಸಾಕಾಗಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಕಾಮಗೆರೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದಳು.

ಪರೀಕ್ಷೆ ಮೈಸೂರಿನಲ್ಲಿ. ಮಹದೇವು ರಜೆ ಹಾಕಿ ಜೊತೆಗೆ ಬಂದು, ಕೇಂದ್ರದ ಹೊರಗೆ ಮರದ ಕೆಳಗೆ ಕೂತಿದ್ದ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕುಸುಮ ಮೇಲಿನ ಸಾಲುಗಳನ್ನು ಎರಡೆರಡು ಸಲ ಓದಿದಳು. ಐದು ಘಟಕದಿಂದಲೂ ಉತ್ತರಿಸಲೇಬೇಕು, ಆಯ್ಕೆಯೇನಿದ್ದರೂ ಆಯಾ ಘಟಕದ ಒಳಗೆ ಮಾತ್ರ ಎಂದಿತ್ತು. ಮೊದಲ ಮೂರನ್ನು ಬರೆದಳು. ಎಣಿಕೆಯ ಘಟಕದಲ್ಲಿ ತೋಚಿದ್ದನ್ನು ಗೀಚಿದಳು. ಗ್ರಾಫಿನ ಪ್ರಶ್ನೆಯಲ್ಲಿ ಚುಕ್ಕೆಗಳು, ಅವುಗಳ ನಡುವೆ ಗೆರೆಗಳು. ಅವನ್ನು ಪ್ರೋಗ್ರಾಮಿನಲ್ಲಿ ಬರೆಯುವುದನ್ನು ಅವಳು ಲ್ಯಾಬಿನಲ್ಲಿ ಎಷ್ಟೋ ಸಲ ಮಾಡಿಸಿದ್ದಳು. ಇಲ್ಲಿ ಕೇಳಿದ್ದು ಸಾಧಿಸಿ ತೋರಿಸಿ ಎಂದು. ಹೇಗೆ ಶುರು ಮಾಡಬೇಕೆಂದೂ ತಿಳಿಯಲಿಲ್ಲ. ಗಂಟೆ ಹೊಡೆಯುವ ತನಕ ಆ ಚಿತ್ರವನ್ನು ನೋಡುತ್ತಾ ಕೂತಿದ್ದಳು.

ಫಲಿತಾಂಶ ಬಂದಾಗ ಸ್ವಲ್ಪದರಲ್ಲಿ ಹೋಗಿತ್ತು.

ಅವಳು ಅಳಲಿಲ್ಲ. ಮೊಬೈಲನ್ನು ಗಂಡನ ಕೈಗೆ ಕೊಟ್ಟು, ಸೊಪ್ಪು ಬಿಡಿಸಲು ಕೂತಳು. ಮಹದೇವು ಮೊಬೈಲು ನೋಡಿ ಪಕ್ಕಕ್ಕಿಟ್ಟು, "ನಾನೇ ಸೊಪ್ಪು ಬುಡಿಸ್ತೀನಿ, ನೀನೊಸಿ ಮನಿಕೊ ಓಗು" ಎಂದ. ಅವಳು ಹೋಗಿ ಮಲಗಿದಳು. ಮುಂದಿನ ಭಾನುವಾರ ಯಳಂದೂರಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಮೇಷ್ಟ್ರ ಫೋನು ಬಂದರೆ ಎತ್ತಲಿಲ್ಲ.

ಕಾಲೇಜಿನಲ್ಲಿ ಅಷ್ಟರಲ್ಲಿ ಹೊಸ ಲೆಕ್ಚರರ್ ಬಂದಿದ್ದಳು. ರಮ್ಯಶ್ರೀ ಎಂದು ಹೆಸರು, ಕೊಳ್ಳೇಗಾಲದ ರೇಷ್ಮೆ ನೇಯುವವರ ಮನೆಯ ಹುಡುಗಿ, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು. ಕುಸುಮಳ ಪಾಠಗಳೆಲ್ಲ ಅವಳಿಗೆ ಹೋದವು. ಕುಸುಮಳಿಗೆ ಲ್ಯಾಬು, ಜೊತೆಗೆ ಆಫೀಸಿನಲ್ಲಿ ಹಾಜರಾತಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ರಮ್ಯಶ್ರೀಯನ್ನು ದ್ವೇಷಿಸಬೇಕೆಂದು ಅವಳಿಗೆ ಅನ್ನಿಸಿತ್ತು, ಆಗಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆಯುವಾಗ ಆ ಹುಡುಗಿಯೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

"ಅಕ್ಕ, ನೀವಿದ್ದಾಗ ಚೆನ್ನಾಗಿ ಅರ್ಥ ಆಗ್ತಿತ್ತು ಅಂತ ಹುಡುಗರು ನನ್ನ ಮುಖದ ಮೇಲೇ ಹೇಳ್ತಾರೆ" ಎಂದಳು ಒಂದು ದಿನ. "ದಿನಾ ಬಸ್ಸಲ್ಲಿ ಹೋಗಿ ಬಂದು ನಂಗೆ ಈಗಲೇ ಬೆನ್ನು ನೋವು. ನೀವು ಇಷ್ಟು ವರ್ಷ ಹೆಂಗೆ ಮಾಡಿದ್ರೋ."

ಕುಸುಮಳಿಗೆ ನಗು ಬಂತು.

ಒಂದು ಗುರುವಾರ ಮಧ್ಯಾಹ್ನ ಆಫೀಸಿನ ಅಟೆಂಡರ್ ಬಂದು, ನಿಮ್ಮನ್ನು ನೋಡಲು ಯಾರೋ ವಯಸ್ಸಾದವರು ಬಂದಿದ್ದಾರೆ ಎಂದ. ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ರುದ್ರಸ್ವಾಮಿ ಮೇಷ್ಟ್ರು ಕೂತಿದ್ದರು. ಬಸ್ಸಿನ ಧೂಳು ಅಂಗಿಯ ಮೇಲೆಲ್ಲ ಕೂತಿತ್ತು. ತೊಡೆಯ ಮೇಲೊಂದು ಬಟ್ಟೆ ಚೀಲ.

"ಅಮ್ಮಾರ್ನ ಯಾರು ನೋಡ್ಕತಾವ್ರೆ?" ಎಂದು ಅವಳು ಕೇಳಿದ್ದು ಮೊದಲು ಅದನ್ನೇ.

"ಪಕ್ಕದ ಮನೆಯೋರು ಕೂತಿದಾರೆ. ಸಂಜೆ ಒಳಗೆ ಬರ್ತೀನಿ ಅಂದಿದೀನಿ."

ಅವಳು ಪಕ್ಕದಲ್ಲಿ ಕೂತಳು. "ಫೇಲಾಯ್ತು ಮೇಷ್ಟ್ರೇ."

"ಗೊತ್ತಾಯ್ತು. ಪಾಸಾಗಿದ್ರೆ ಫೋನ್ ಎತ್ತಿರ್ತಿದ್ದೆ."

ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು. "ಕೊನೇ ಎರಡು ಪಾಟ ಬ್ಯಾಡ ಅಂದ್ರಿ. ಚಾಯ್ಸಲ್ಲಿ ಓಯ್ತದೆ ಅಂದ್ರಿ. ಅದು ಬರೀಲೇಬೇಕಿತ್ತು. ಅದ್ರಲ್ಲೇ ಓಯ್ತು ನಂದು."

ಮೇಷ್ಟ್ರು ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

"ಅದು ನಂಗೆ ಬರ್ತಿರಲಿಲ್ಲ ಕಣವ್ವ. ನಾವು ಓದಿದಾಗ ಗ್ರಾಫ್ ಥಿಯರಿ ಎಲ್ಲಿತ್ತು? ನೀನು ಪುಸ್ತಕ ತಂದ ದಿನವೇ ತೆಗೆದು ನೋಡ್ದೆ. ತಲೆಗೆ ಹತ್ತಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ."

"ಯೋಳಿದ್ರೆ ಏನಾಯ್ತಿತ್ತು ಮೇಷ್ಟ್ರೇ? ನಾನು ಬೇರೆ ಕಡೆ ಕಲ್ತ್ಕತಿದ್ದೆ."

ಅವರು ಚೀಲದ ಹಿಡಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದರು. ಅದನ್ನು ನೋಡುತ್ತಿದ್ದ ಕುಸುಮಳಿಗೆ ಇನ್ನೊಂದು ವಿಷಯ ಹೊಳೆಯಿತು. ಹೊಳೆದದ್ದನ್ನು ಕೇಳಬಾರದೆಂದು ಅನ್ನಿಸಿದರೂ ಕೇಳಿಯೇಬಿಟ್ಟಳು.

"ನಾನು ಬೇರೆ ಕಡೆ ಓದ್ರೆ ಭಾನುವಾರದ ನಿದ್ದೆ ಓಯ್ತದೆ ಅಂತಲಾ?"

ಮೇಷ್ಟ್ರು ಅವಳ ಕಡೆ ತಿರುಗಿದರು. ಕಣ್ಣು ಕೆಂಪಾಗಿದ್ದವು. ಅದು ನಿದ್ದೆಗೆಟ್ಟದ್ದೋ ಬೇರೆಯೋ ತಿಳಿಯಲಿಲ್ಲ.

"ಅದೂ ಇತ್ತು" ಎಂದರು.

ಇಲ್ಲ ಎಂದಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಅವಳಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದ ಆ ಮುಖವೂ ಕಣ್ಣ ಮುಂದೆ ಬಂತು. ಒಂದು ಗಂಟೆಯ ನಿದ್ದೆಗಾಗಿ ಮನುಷ್ಯ ಏನೇನು ಮಾಡಬಹುದೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೇಷ್ಟ್ರು ಚೀಲದಿಂದ ಅವಳದೇ ಪುಸ್ತಕವನ್ನು ತೆಗೆದರು. ಅವರ ಮನೆಯಲ್ಲೇ ಬಿಟ್ಟುಬಂದಿದ್ದಳು. "ನೀನು ಬರೋದು ನಿಲ್ಲಿಸಿದ ಮೇಲೆ ಓದ್ತಾ ಇದೀನಿ. ಭಾಗ್ಯನ ಪಕ್ಕ ಕೂತ್ಕೊಂಡು ಓದ್ತೀನಿ. ಅರ್ಧ ಅರ್ಥ ಆಗ್ತದೆ, ಅರ್ಧ ಆಗಲ್ಲ. ಇಬ್ರೂ ಕೂತ್ರೆ ಆಗಬಹುದೇನೋ. ನಿಂಗೆ ಇಷ್ಟ ಇದ್ರೆ. ಇನ್ನೊಂದು ಅವಕಾಶ ಇದೆ ಅಲ್ವಾ?" ಪುಸ್ತಕದ ಮೇಲಿನ ಧೂಳು ಒರೆಸುತ್ತಾ, "ನಾನು ನಿದ್ದೆ ಮಾಡಲ್ಲ. ಪಾಠ ಮಾತ್ರ" ಎಂದರು.

ಕುಸುಮ ಎದ್ದಳು. ಟೀ ಕುಡಿಸಿ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಕೊಳ್ಳೇಗಾಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟಳು. ಬಸ್ಸು ಹೊರಡುವಾಗ ಮೇಷ್ಟ್ರು ಕಿಟಕಿಯಿಂದ, "ಭಾನುವಾರ ಆದ್ರೆ ಅವಳು ಬಾಗಿಲ ಕಡೇನೇ ನೋಡ್ತಿರ್ತಾಳೆ ಕಣವ್ವ" ಎಂದರು.

ಆ ಭಾನುವಾರ ಕುಸುಮ ಮಧ್ಯಾಹ್ನದವರೆಗೂ ಮಲಗಿದ್ದಳು. ಅದರಾಚೆಯ ಭಾನುವಾರ ಬೆಳಿಗ್ಗೆ ಎದ್ದು ಸೀರೆ ಉಡುತ್ತಿದ್ದಾಗ ಮಹದೇವು, "ಮತ್ತೆ ಯಳಂದೂರ್ಗಾ?" ಎಂದ.

"ಊಂ."

"ಆ ವಯ್ಯ ಮೋಸ ಮಾಡ್ದ ಅಂದೆ?"

"ಮಾಡುದ್ರು. ಓಯ್ತೀನಿ."

ಮಹದೇವು ತಲೆ ಕೆರೆದುಕೊಂಡು, ಸ್ಕೂಟರ್ ತೆಗೆದು ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದ.

ಯಳಂದೂರಿನಲ್ಲಿ ಬಾಗಿಲು ತೆರೆದೇ ಇತ್ತು. ಭಾಗ್ಯಮ್ಮ ಅವಳನ್ನು ಕಂಡವರೇ ಎಡಗೈ ಎತ್ತಿದರು. ಮೇಷ್ಟ್ರು ಗಡ್ಡ ಬೋಳಿಸಿಕೊಂಡು, ಕರಿಹಲಗೆ ಒರೆಸಿಟ್ಟುಕೊಂಡು ಕಾಯುತ್ತಿದ್ದರು. ಕುಸುಮ ಚಪ್ಪಲಿ ಬಿಟ್ಟು ಒಳಗೆ ಬಂದು, "ಮೊದ್ಲು ಓಗಿ ಮನಿಕಳಿ ಮೇಷ್ಟ್ರೇ. ನಿದ್ದೆಗಣ್ಣಲ್ಲಿ ಪಾಟ ಬ್ಯಾಡ" ಎಂದಳು.

ಅವರು ಸೀಮೆಸುಣ್ಣ ಕೆಳಗಿಟ್ಟು ಒಳಕೋಣೆಗೆ ಹೋದರು.

ಈಗಿನ ಪಾಠ ಬೇರೆ ಥರ ನಡೆಯಿತು. ಹೇಳುವವರು ಯಾರು, ಕೇಳುವವರು ಯಾರು ಎಂಬುದು ಗಳಿಗೆಗೊಮ್ಮೆ ಬದಲಾಗುತ್ತಿತ್ತು. ಪುಸ್ತಕದ ಇಂಗ್ಲಿಷು ಇಬ್ಬರನ್ನೂ ಕಾಡುತ್ತಿತ್ತು. ಕುಸುಮ ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಊರುಗಳನ್ನು ಚುಕ್ಕೆ ಮಾಡಿ, ರಸ್ತೆಗಳನ್ನು ಗೆರೆ ಮಾಡಿ ಬರೆದು ತೋರಿಸಿದಳು. ಹನೂರಿನಿಂದ ಕೊಳ್ಳೇಗಾಲಕ್ಕೊಂದು, ಬಂಡಳ್ಳಿಗೊಂದು, ಪಾಲಾರ್ ಕಡೆಗೊಂದು. ಕಂಪ್ಯೂಟರು ಒಂದು ಚುಕ್ಕೆಯಿಂದ ಹೊರಟು ಎಲ್ಲ ಚುಕ್ಕೆಗಳನ್ನೂ ಹೇಗೆ ಮುಟ್ಟಿ ಬರುತ್ತದೆ ಎಂಬುದು ಅವಳಿಗೆ ಕರಗತವಾಗಿತ್ತು. ಹಾಗೇ ಯಾಕೆ ಎಂದು ಮೇಷ್ಟ್ರು ಕೇಳಿದರು. ಅಷ್ಟು ವರ್ಷ ಹೇಳಿಕೊಟ್ಟಿದ್ದರೂ ಆ ಪ್ರಶ್ನೆಯನ್ನು ಅವಳು ಕೇಳಿಕೊಂಡೇ ಇರಲಿಲ್ಲ.

ಒಂದು ಪ್ರಮೇಯ ವಾರಗಟ್ಟಲೆ ಸತಾಯಿಸಿತು. ಯಾವ ಚಿತ್ರ ತೆಗೆದುಕೊಂಡರೂ, ಬೆಸ ಸಂಖ್ಯೆಯ ಗೆರೆಗಳು ಸೇರುವ ಚುಕ್ಕೆಗಳು ಜೋಡಿಜೋಡಿಯಾಗಿಯೇ ಇರುತ್ತವೆ, ಅಂದರೆ ಅವುಗಳ ಎಣಿಕೆ ಸಮಸಂಖ್ಯೆಯೇ ಎಂದು ಸಾಧಿಸಬೇಕಿತ್ತು. ಮೇಷ್ಟ್ರು ಹಲಗೆಯ ತುಂಬ ಚಿತ್ರ ಬರೆದು ಅಳಿಸಿ, ಬರೆದು ಅಳಿಸಿ, ಸಾಕಾಗಿ ಭಾಗ್ಯಮ್ಮನವರಿಗೆ ಗಂಜಿ ಕುಡಿಸಲು ಕೂತರು. ಒಂದು ಚಮಚ ಬಾಯಿಗಿಟ್ಟು, ಇನ್ನೊಂದನ್ನು ಎತ್ತಿದವರ ಕೈ ಅರ್ಧದಲ್ಲೇ ನಿಂತಿತು.

"ಕುಸುಮಾ, ಒಂದು ಗೆರೆಗೆ ಎಷ್ಟು ತುದಿ?"

"ಎರಡು."

"ಎರಡೇ. ಹಂಗಾದ್ರೆ ಎಲ್ಲ ಚುಕ್ಕೆಗೂ ಬಂದು ಸೇರೋ ಗೆರೆ ಎಣಿಸಿ ಕೂಡಿಸಿದ್ರೆ, ಪ್ರತಿ ಗೆರೆನೂ ಎರಡು ಸಲ ಎಣಿಸಿರ್ತೀಯ. ಒಟ್ಟು ಸಮಸಂಖ್ಯೆ ಆಗ್ಲೇಬೇಕು. ಬೆಸ ಇರೋವು ಒಂಟಿಯಾಗಿ ಉಳಿದ್ರೆ ಒಟ್ಟು ಸಮ ಹೆಂಗಾಗ್ತದೆ? ಆಗಲ್ಲ! ಅಷ್ಟೇ ಕಣವ್ವ ಇದು, ಅಷ್ಟೇ!"

ಚಮಚದ ಗಂಜಿ ಭಾಗ್ಯಮ್ಮನವರ ಕೊರಳ ಮೇಲೆ ಸುರಿದಿತ್ತು. ಅವರು ಸಿಟ್ಟಿನಿಂದ ಸದ್ದು ಮಾಡಿದರು. ಕುಸುಮ ನಗುತ್ತಾ ಟವೆಲ್ಲು ತಂದು ಒರೆಸಿದಳು. ಮೇಷ್ಟ್ರು ಗಂಜಿಯ ಬಟ್ಟಲು ಹಿಡಿದುಕೊಂಡೇ ಹಲಗೆಯ ಮುಂದೆ ನಿಂತಿದ್ದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಅವಳು ಬಂಡಳ್ಳಿಯ ಹೈಸ್ಕೂಲಿನಲ್ಲಿ ಕಂಡಿದ್ದಳು, ಆಮೇಲೆ ಕಂಡಿರಲಿಲ್ಲ.

ಎರಡನೇ ಸಲ ಮೈಸೂರಿಗೆ ಅವಳು ಒಬ್ಬಳೇ ಹೋಗಿ ಬರೆದು ಬಂದಳು. ಪಾಸಾಯಿತು. ದೊಡ್ಡ ಅಂಕವೇನಲ್ಲ, ಪಾಸು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದಳು. ಅವರು, "ಭಾಗ್ಯಂಗೆ ಹೇಳ್ತೀನಿ ಇರು" ಎಂದು ಫೋನನ್ನು ಮಂಚದ ಮೇಲಿಟ್ಟು ಹೇಳುತ್ತಿದ್ದುದು ಕೇಳಿಸಿತು.

ಕೊಳ್ಳೇಗಾಲದ ಕೇಂದ್ರದಲ್ಲಿ ಪ್ರವೇಶ ಖಾಯಮ್ಮಾಯಿತು. ಪ್ರಿನ್ಸಿಪಾಲರು ಸಂತೋಷಪಟ್ಟರು, ಆದರೆ ಪಾಠಕ್ಕೆ ಈಗ ರಮ್ಯಶ್ರೀ ಇರುವುದರಿಂದ ಡಿಗ್ರಿ ಕೈಗೆ ಬರುವ ತನಕ ಹಾಜರಾತಿ ಏರಿಸುವ ಕೆಲಸವೇ ಮುಂದುವರಿಯಲಿ ಎಂದರು. ಇನ್ನು ನಾಲ್ಕು ಸೆಮಿಸ್ಟರು, ಪ್ರಾಜೆಕ್ಟು, ವೈವಾ. ಇಷ್ಟು ಕಷ್ಟಪಟ್ಟಿದ್ದು ಬಾಗಿಲವರೆಗೆ ಬರಲು ಮಾತ್ರ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಒಂದು ವಿಷಯ ವೇಳಾಪಟ್ಟಿ ಕೈಗೆ ಬಂದಾಗ ತಿಳಿಯಿತು. ತರಗತಿಗಳು ಭಾನುವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ. ಹಾಜರಾತಿ ಕಡ್ಡಾಯ.

ಅದನ್ನು ಹೇಳಲು ಅವಳು ಯಳಂದೂರಿಗೇ ಹೋದಳು. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

"ಇನ್ಮುಂದೆ ಭಾನುವಾರ ಬರಕಾಗಲ್ಲ ಮೇಷ್ಟ್ರೇ. ಕ್ಲಾಸ್ ಮಡಗವ್ರೆ."

ಮೇಷ್ಟ್ರು ತಲೆಯಾಡಿಸಿದರು. "ಕ್ಲಾಸು ಅಂದ್ಮೇಲೆ ಹೋಗ್ಬೇಕಲ್ವಾ."

"ನಿಮ್ ನಿದ್ದೆ?"

"ಪಕ್ಕದ ಮನೆಯೋರು ಮಧ್ಯಾಹ್ನ ಸ್ವಲ್ಪ ಹೊತ್ತು ಕೂರ್ತೀನಿ ಅಂದವ್ರೆ. ನಾನು ಹನೂರಿಗೆ ಬಂದಿದ್ನಲ್ಲ, ಆವತ್ತು ಒಳ್ಳೇದೇ ಆಯ್ತು. ಬಾಯಿಬಿಟ್ಟು ಕೇಳಿದ್ರೆ ಜನ ಇಲ್ಲ ಅನ್ನಲ್ಲ. ನಾನೇ ಕೇಳಿರಲಿಲ್ಲ ಅಷ್ಟೇ." ಹಾಗೆ ಹೇಳಿದರೂ ಅವರು ಹಲಗೆಯ ಕಡೆಗೇ ನೋಡುತ್ತಿದ್ದರು.

ಕುಸುಮ ಭಾಗ್ಯಮ್ಮನವರ ತಲೆ ಬಾಚಿ, ಜಡೆ ಹಾಕಿದಳು. ರಜೆ ಸಿಕ್ಕಾಗ ಬರುತ್ತೇನೆ ಎಂದಳು. ಭಾಗ್ಯಮ್ಮ ಅವಳ ಮಣಿಕಟ್ಟನ್ನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಅವಳು ಹೊರಗೆ ಬಂದಳು. ಕೊಳ್ಳೇಗಾಲದವರೆಗೂ ಅಳು ಬರುತ್ತಿತ್ತು. ಹನೂರಿನ ಬಸ್ಸಿನಲ್ಲಿ ನಿದ್ದೆ ಬಂತು.

ಮೊದಲ ಭಾನುವಾರದ ತರಗತಿಯಲ್ಲಿ ಅವಳಿಗಿಂತ ತೀರ ಚಿಕ್ಕವರೇ ಹೆಚ್ಚು. ಇಬ್ಬರು ಅವಳ ಹಳೇ ವಿದ್ಯಾರ್ಥಿಗಳು. ಎದ್ದು ನಿಂತು, "ಮೇಡಂ, ನೀವು ನಮಗೆ ಪಾಠ ಮಾಡೋಕೆ ಬಂದಿದೀರಾ?" ಎಂದರು. "ಇಲ್ಲ ಕಣ್ರಪ್ಪ, ಒಸಿ ಜಾಗ ಬುಡಿ" ಎಂದು ಅವರ ಪಕ್ಕದಲ್ಲೇ ಕೂತಳು. ಪಾಠ ಮಾಡುವವರು ವೇಗವಾಗಿ ಹೇಳುತ್ತಿದ್ದರು. ಬೆನ್ನು ನೋಯುತ್ತಿತ್ತು. ರೆಪ್ಪೆ ಎಳೆಯುತ್ತಿತ್ತು. ಅಲ್ಗಾರಿದಮ್ಮೊಂದು ಮುಗಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು, ಅದನ್ನು ಓಡಿಸದೆಯೇ ಲೆಕ್ಕ ಹಾಕುವ ಬಗೆ ಆ ದಿನದ ಪಾಠ. ಅರ್ಧ ಅರ್ಥವಾಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಎದುರಿನ ಅಂಗಡಿಯಲ್ಲಿ ಟೀ ತೆಗೆದುಕೊಂಡು ನಿಂತಿದ್ದಾಗ ಫೋನು ಬಂತು. ಮೇಷ್ಟ್ರು.

"ಅಮ್ಮಾರು ಎಂಗವ್ರೆ?" ಎಂದಳು ಗಾಬರಿಯಿಂದ.

"ಚೆನ್ನಾಗವಳೆ. ಈಗ ಮಲಗವಳೆ. ಅದಿರಲಿ, ಇವತ್ತು ಏನು ಮಾಡಿದ್ರು ಕ್ಲಾಸಲ್ಲಿ?"

ಅವಳು ಹೇಳಿದಳು. ಪೂರ್ತಿ ತಿಳಿಯಲಿಲ್ಲ ಎಂದೂ ಹೇಳಿದಳು.

"ಎಲ್ಲಿ, ಮೊದಲಿಂದ ಹೇಳು. ಮೆಲ್ಲಗೆ ಹೇಳವ್ವ, ಹಲಗೆ ಮೇಲೆ ಬರ್ಕೋತಾ ಇದೀನಿ."

ಕುಸುಮ ಟೀ ಲೋಟವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ನೆರಳಿಗೆ ಸರಿದು ನಿಂತು, ಬೆಳಗಿನ ಪಾಠವನ್ನು ಮೊದಲಿನಿಂದ ಹೇಳತೊಡಗಿದಳು. ಹೇಳುತ್ತಿದ್ದ ಹಾಗೆ ಒಂದು ಕಡೆ ತಾನೇ ತಪ್ಪಿದ್ದು ಗೊತ್ತಾಗಿ, "ಇರಿ ಮೇಷ್ಟ್ರೇ, ಅದು ಅಂಗಲ್ಲ" ಎಂದು ತಿದ್ದಿಕೊಂಡಳು. ಆ ಕಡೆಯಿಂದ ಹಲಗೆ ಒರೆಸುವ ಸದ್ದು ಕೇಳಿಸಿತು.